ಕಣ್ಣು ತೆರೆದು ಮಾಡಿದ ಪ್ರಾರ್ಥನೆ

ನಾನು ಚಿಕ್ಕವಳಿದ್ದಾಗ ನನಗೆ ಒಂದೆಡೆ ಕೂತಿರಲು ಬರುತ್ತಲೇ ಇರಲಿಲ್ಲ. ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದರೆ, ನಾನು ಒಂದು ಕಣ್ಣು ತೆರೆದು ಯಾರ ಮೂಗಿನ ಮೇಲೆ ನೊಣ ಕೂತಿದೆ ಎಂದು ಹುಡುಕುತ್ತಿದ್ದೆ. "ಕಾಲಾಗ ಚಕ್ರ ಅದಾವ ಇದಕ್ಕ" ಎಂದು ಅವ್ವ ತೊಡೆ ಚಿವುಟುತ್ತಿದ್ದಳು. ಮೊಣಕಾಲು ನೋವೆಂದು ಕುರ್ಚಿ ಬಿಟ್ಟೇಳದ ನಿಮ್ಮ ಈ ಅಜ್ಜಿಯೇ ಆ ಹುಡುಗಿ, ನಗಬೇಡಿ ಮಕ್ಕಳೇ.

ನಮ್ಮೂರು ತುಕ್ಕಾನಟ್ಟಿ. ಅಪ್ಪ ಗೌಂಡಿ; ಊರ ಮನೆಗಳಿಗೆ ಕಲ್ಲುಗೋಡೆ ಕಟ್ಟುತ್ತಿದ್ದ. ಯೇಸುವನ್ನು ನಂಬಿದ ಮನೆಗಳು ಅಲ್ಲಿ ಬೆರಳೆಣಿಕೆಯಷ್ಟು. ಭಾನುವಾರದ ಆರಾಧನೆ ನಮ್ಮ ಪಡಸಾಲೆಯಲ್ಲೇ ಆಗುತ್ತಿತ್ತು. ಅದನ್ನು ನಡೆಸಲು ಆಯಾ ಊರಿನವರೇ ಸಿದ್ಧರಾಗಲಿ ಎಂದು ಗೋಕಾಕದಲ್ಲಿ ಗುರುಗಳೊಬ್ಬರು ಶನಿವಾರ ಶನಿವಾರ ತರಬೇತಿ ಕೊಡುತ್ತಿದ್ದರು. ಮೂಡಲಗಿ ಕಡೆಯವರು, ಹುಕ್ಕೇರಿ ಕಡೆಯವರು ಬರುತ್ತಿದ್ದರು. ಅಪ್ಪನೂ ಸೇರಿದ. ಕೊನೆಯ ಶನಿವಾರ ಒಬ್ಬೊಬ್ಬರೂ ಎಲ್ಲರ ಮುಂದೆ ನಿಂತು ಉಪದೇಶ ಮಾಡಬೇಕು, ಗುರುಗಳು ಒಪ್ಪಿದರೆ ಊರಿನ ಸಭೆಯ ಹೊಣೆ ಅವರಿಗೆ.

ಅಪ್ಪನಿಗೆ ಓದು ಅಷ್ಟಕ್ಕಷ್ಟೇ. ಶಾಲೆ ಕಲಿತಿದ್ದ ನನ್ನ ಅಕ್ಕನೇ ಓದಿ ಹೇಳಿ ಬಾಯಿಪಾಠ ಮಾಡಿಸಿದಳು. ಕಷ್ಟ ಬಂದಾಗ ಅಂಜದೆ ದೇವರನ್ನು ನಂಬುವುದು ಹೇಗೆ ಎಂಬುದು ಎಲ್ಲರಿಗೂ ಕೊಟ್ಟಿದ್ದ ವಿಷಯ. ಸಂಜೆ ಅಂಗಳದಲ್ಲಿ ಆಡುಗಳ ಮುಂದೆ ನಿಂತು ಅಪ್ಪ ಉಪದೇಶ ಮಾಡುತ್ತಿದ್ದ. ಆಡುಗಳು ತಲೆಯಾಡಿಸುತ್ತಾ ಕೇಳುತ್ತಿದ್ದವು, ಮುಂದೆ ಮೇವು ಇರುವ ತನಕ. "ಗಡಬಡಿ ಮಾಡಬ್ಯಾಡಪಾ, ಸಾವಕಾಶ ಹೇಳು" ಎಂದು ಅಕ್ಕ ಗದರುತ್ತಿದ್ದಳು.

ಆ ವಾರ ಅಕ್ಕ ಸಂಕೇಶ್ವರದ ಸೋದರತ್ತೆಯ ಮನೆಗೆ ಹೋಗಿದ್ದಳು. ಶನಿವಾರ ನಸುಕಿನ ಬಸ್ಸು ಹಿಡಿದು ನೇರ ಗೋಕಾಕಕ್ಕೆ ಬರುತ್ತೇನೆ, ನಾನು ಬರುವ ತನಕ ಮಾತು ಶುರು ಮಾಡಬೇಡ ಎಂದು ಅಪ್ಪನಿಗೆ ತಾಕೀತು ಮಾಡಿದ್ದಳು. ಶನಿವಾರ ನಾವು ಮೂವರು ಮಳೆಯಲ್ಲಿ ತೊಯ್ಸಿಕೊಂಡೇ ಗೋಕಾಕ ಮುಟ್ಟಿದೆವು. ಪತ್ರಾಸಿನ ತಗಡು ಹೊದಿಸಿದ ಉದ್ದನೆಯ ಕೋಣೆ. ಒಳಗೆಲ್ಲ ಹಸಿ ಕಂಬಳಿಯ ವಾಸನೆ, ಹಸಿಮೆಣಸಿನಕಾಯಿ ಒಗ್ಗರಣೆ ಹಾಕಿದ ಚುರುಮುರಿಯ ವಾಸನೆ. ಅಕ್ಕ ಮಾತ್ರ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಹುಕ್ಕೇರಿ ಕಡೆಯಿಂದ ಸೈಕಲ್ ತುಳಿದುಕೊಂಡು ತರಬೇತಿಯವನೊಬ್ಬ ಬಂದ. "ಹಿರಣ್ಯಕೇಶಿ ಹೊಳಿ ತುಂಬಿ ಬಂದೈತ್ರಿ. ಸಂಕೇಶ್ವರದಿಂದ ನಸುಕಿನ್ಯಾಗ ಹೊಂಟ ಬಸ್ಸು ಇನ್ನೂ ಹುಕ್ಕೇರಿಗೆ ಮುಟ್ಟಿಲ್ಲಂತ" ಎಂದ.

ಅಪ್ಪ ಮಳೆಯಲ್ಲೇ ಬಸ್ ನಿಲ್ದಾಣಕ್ಕೆ ಓಡಿದ. ಆ ಕಡೆಗೆ ಎಲ್ಲ ಬಸ್ಸೂ ಬಂದ್ ಎಂದು ತಿಳಿದು ವಾಪಸ್ಸು ಬಂದ. ಅವ್ವ ಸೆರಗಿನ ತುದಿಯನ್ನು ಹಿಂಡುತ್ತಾ ಕೂತಳು. ಅದರಲ್ಲಿ ನೀರು ಉಳಿದೇ ಇರಲಿಲ್ಲ. ನಾನು ಬಾಗಿಲಿಗೂ ಅವ್ವನಿಗೂ ನಡುವೆ ಓಡಾಡಿದೆ. ಅಂದು ಯಾರೂ ನನ್ನನ್ನು ಚಿವುಟಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ತಂದಿತು.

ಅಪ್ಪನ ಸರದಿ ಬಂತು. ಎದ್ದು ನಿಂತ, ಬಾಗಿಲ ಕಡೆ ನೋಡಿದ. ಪತ್ರಾಸಿನ ಮೇಲೆ ಮಳೆ ಬಡಿಯುತ್ತಿತ್ತು. ಆಮೇಲೆ ಹೇಳಿದ: "ನನಗ ಅಂಜಿಕಿ ಆಗೇತ್ರಿ. ಮಗಳು ಎಲ್ಲಿ ಅದಾಳೋ ಗೊತ್ತಿಲ್ಲ. ಅಂಜಬ್ಯಾಡ್ರಿ ಅಂತ ನಿಮಗ ಹೇಳಾಕ ನನ್ನ ಕಡಿಂದ ಆಗಂಗಿಲ್ಲ."

ಅಷ್ಟು ಹೇಳಿ ಅಲ್ಲೇ ನೆಲದ ಮೇಲೆ ಕೂತ. ನನಗೆ ಅಪ್ಪನ ಮೇಲೆ ಸಿಟ್ಟು ಬಂತು. ಅಪ್ಪನೇ ಅಂಜಿದರೆ ಅಕ್ಕನಿಗೆ ದಿಕ್ಕು ಯಾರು?

ಹುಕ್ಕೇರಿಯಿಂದ ತರಬೇತಿಗೆ ಬರುತ್ತಿದ್ದ ಮುದುಕಿಯೊಬ್ಬಳಿದ್ದಳು, ನಾವೆಲ್ಲ ಆಯಿ ಎನ್ನುತ್ತಿದ್ದೆವು. ಆಕೆ ಎದ್ದು ಬಂದು ಅಪ್ಪನ ಬೆನ್ನ ಮೇಲೆ ಕೈಯಿಟ್ಟಳು. "ಇರಲಿ ಬಿಡೋ ಯಪ್ಪಾ. ಮುಂಜಾನಿಂದ ಎಲ್ಲಾರೂ ಅಂಜಬ್ಯಾಡ್ರಿ ಅಂದ್ರು. ಅಂಜಿಕಿ ಆಗೇತಿ ಅಂದಾಂವ ನೀ ಒಬ್ಬನ. ದೇವ್ರ ಮುಂದ ಖರೆ ಹೇಳಿದಿ." ಆಮೇಲೆ ಎಲ್ಲರೂ ಅಪ್ಪನ ಸುತ್ತ ಮೊಣಕಾಲೂರಿದರು. ನಾನು ಬಾಗಿಲ ಕಡೆಗೆ ಜಾರುವುದನ್ನು ಆಯಿ ಕಂಡಳು. ಬೈಯಲಿಲ್ಲ. "ಹೋಗ ನೀ, ಹೊಸ್ತಿಲದಾಗ ನಿಂದ್ರ. ನಮ್ಮ ಕಣ್ಣು ಮುಚ್ಚಿರತಾವ. ರಸ್ತಾ ನೋಡಾಕ ಒಬ್ರು ಬೇಕಲ್ಲ" ಎಂದಳು.

ನಾನು ನಿಂತೆ. ಹಿಂದೆ ಪ್ರಾರ್ಥನೆಯ ಸದ್ದು, ಮುಂದೆ ಮಳೆಯ ಸದ್ದು. ಎತ್ತಿನ ಗಾಡಿ ಹೋಯಿತು, ಕೊಡೆ ಹಿಡಿದ ಮಾಸ್ತರರು ಹೋದರು, ತೊಯ್ದ ನಾಯಿ ಹೋಯಿತು. ದೂರದಲ್ಲಿ ಗಾಡಿಯ ಸದ್ದಾದರೆ ತುದಿಗಾಲಲ್ಲಿ ನಿಂತು ನೋಡುತ್ತಿದ್ದೆ. ದೇವರೇ, ಇದರಲ್ಲಿ ಅಕ್ಕ ಇರಲಿ. ಹೋಗಲಿ, ಇದರಲ್ಲಿ ಬೇಡ, ಮುಂದಿನದರಲ್ಲಿ ಇರಲಿ. ಹೀಗೆ ದೇವರ ಜೊತೆ ಚೌಕಾಸಿ ಮಾಡಿದೆ. ಜೀವನದಲ್ಲಿ ಮೊದಲ ಸಲ ನಾನು ಮನಸಾರೆ ಪ್ರಾರ್ಥನೆ ಮಾಡಿದ್ದು ಅಂದೇ.

ಸಂಜೆಯ ಹೊತ್ತಿಗೆ ತಾಡಪತ್ರಿ ಹೊದಿಸಿದ ಬೆಲ್ಲದ ಲಾರಿಯೊಂದು ಬಂದು ನಿಂತಿತು. ಹಿಂದಿನಿಂದ ಕೆಸರು ಮೆತ್ತಿದ ಕಾಲೊಂದು ಇಳಿಯಿತು. ಆ ಕಾಲು ನನಗೆ ಗೊತ್ತಿತ್ತು. "ಅಕ್ಕಾ!" ಎಂದು ನಾನು ಕಿರುಚಿದ್ದಕ್ಕೆ ಒಳಗಿನ ಅಷ್ಟೂ ಕಣ್ಣು ಒಮ್ಮೆಲೇ ತೆರೆದವು. ಹಳ್ಳ ಉಕ್ಕಿ ಬಸ್ಸು ನಡುದಾರಿಯಲ್ಲೇ ನಿಂತಿತ್ತಂತೆ. ನೀರು ಇಳಿದ ಮೇಲೆ ಲಾರಿಯವನು ಹತ್ತಿಸಿಕೊಂಡು ಬಂದನಂತೆ.

ಅಪ್ಪ ಓಡಿ ಬಂದು ಅವಳ ಮುಖ ಹಿಡಿದ. ಅಕ್ಕ ಕೇಳಿದ ಮೊದಲ ಮಾತು, "ಅಪ್ಪಾ, ನಿನ್ನ ಉಪದೇಶ ಹೆಂಗಾತು?"

"ಮರತ್ನವ್ವಾ, ಎಲ್ಲಾ ಮರತ್ನಿ" ಎಂದು ಅಪ್ಪ ಗೊಳೋ ಎಂದು ಅತ್ತ. ಅಷ್ಟು ದಿನದ ಪಾಠ ನೀರುಪಾಲಾಯಿತೆಂದು ಅಕ್ಕನೂ ಅತ್ತಳು. ಗುರುಗಳು ಕಣ್ಣೊರೆಸಿಕೊಂಡು, "ಇಲ್ಲ ತಂಗಿ, ನಿಮ್ಮಪ್ಪ ಭಾಳ ಚಲೋ ಮಾತಾಡಿದ್ರು" ಎಂದರು. ಸಭೆಯ ಹೊಣೆ ಅಪ್ಪನಿಗೇ ಬಂತು. ಮುಂದೆ ಊರಲ್ಲಿ ಯಾರಿಗೆ ಸಂಕಟ ಬಂದರೂ ನಮ್ಮ ಮನೆಗೆ ಬರುತ್ತಿದ್ದರು. ಅಂಜಿದ್ದೇನೆ ಎಂದು ಹೇಳಲು ಅಪ್ಪನ ಮುಂದೆ ಯಾರಿಗೂ ನಾಚಿಕೆಯಿರಲಿಲ್ಲ.

ನಿಮ್ಮ ಕಾಲವೇ ಬೇರೆ ಮಕ್ಕಳೇ. ಯಾವ ಬಸ್ಸು ಎಲ್ಲಿದೆ ಎಂದು ಅಂಗೈಯಲ್ಲೇ ಕಾಣುತ್ತದೆ. ಆದರೂ ಮೊನ್ನೆ ಮಳೆಯಲ್ಲಿ ನಿಮ್ಮ ಅಮ್ಮ ಹುಕ್ಕೇರಿಯಿಂದ ಬರುವುದು ತಡವಾಯಿತು, ಫೋನು ಹತ್ತಲಿಲ್ಲ. ನೀವಿಬ್ಬರೂ ಒಂದೊಂದು ಮೂಲೆ ಹಿಡಿದು, "ನಮಗೇನೂ ಆಗಿಲ್ಲ ಅಜ್ಜಿ" ಎಂದಿರಿ. ನಿಮ್ಮ ಮುಖ ನನಗೆ ಕಾಣುತ್ತಿತ್ತು. ಕೊನೆಗೆ ನಾನೇ ಹೇಳಿದೆ: "ನನಗ ಅಂಜಿಕಿ ಆಗೇತಿ, ಬಾಜೂಕ ಬಂದು ಕೂಡ್ರಿ." ಓಡಿ ಬಂದು ಒಂದೊಂದು ಕೈ ಹಿಡಿದಿರಿ. ಎಷ್ಟು ಬಿಗಿಯಾಗಿ ಹಿಡಿದಿರೆಂದರೆ, ಅಮ್ಮ ಬಂದು ಬಾಗಿಲು ತಟ್ಟಿದಾಗ ಕೂಡಲೇ ಕೈ ಬಿಡಿಸಿಕೊಂಡು ಎದ್ದು ತೆಗೆಯಲು ಮೂವರಿಗೂ ಆಗಲಿಲ್ಲ.