ಮುಖ ತೋರಿಸದ ಸಿನಿಮಾ

“ಅದೂ ಒಂದ್ ಪಿಚ್ಚರ್ ಏನ್ರಿ? ವೈನಿ, ನೀವೇ ಹೇಳ್ರಿ,” ಎಂದು ನನ್ನ ಗಂಡನ ಗೆಳೆಯ ಮಹೆಬೂಬ್ ಸರ್ ಕೇಳಿದಾಗ ನಾನು ಅವರ ತಾಟಿಗೆ ಬಿಸಿ ರೊಟ್ಟಿ ಹಾಕುತ್ತಿದ್ದೆ.

ಆ ಸಂಜೆ ಆಳಂದದ ಕಾಲೇಜೊಂದರಲ್ಲಿ ನಾವು ಮೂವರೂ ಒಂದು ಫ್ರೆಂಚ್ ಪ್ರಯೋಗಾತ್ಮಕ ಸಿನಿಮಾ ನೋಡಿ ಬಂದಿದ್ದೆವು. ಇಡೀ ಸಿನಿಮಾದಲ್ಲಿ ಕಾಣುವುದು ಒಬ್ಬ ಹೆಂಗಸಿನ ಎರಡು ಕೈ ಮಾತ್ರ. ಅವು ಅಡುಗೆ ಮಾಡುತ್ತವೆ, ಬಡಿಸುತ್ತವೆ, ಪಾತ್ರೆ ತಿಕ್ಕುತ್ತವೆ. ಮಾತಿಲ್ಲ, ಮುಖವಿಲ್ಲ. ಅರ್ಧ ಜನ ಸೀಟಿ ಹೊಡೆದು ಎದ್ದು ಹೋದರು. ಮಹೆಬೂಬ್ ಸರ್ ಆಕಳಿಸಿದರು. ಉಪನ್ಯಾಸಕರಾದ ನನ್ನ ಗಂಡ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಊಟಕ್ಕೆ ಕೂತರೂ ಇಬ್ಬರ ಜಗಳ ಮುಗಿದಿರಲಿಲ್ಲ. ಹೆಣ್ಣಿನ ದುಡಿಮೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬುದನ್ನು ಆ ಸಿನಿಮಾ ಎಷ್ಟು ಚೆನ್ನಾಗಿ ತೋರಿಸಿದೆ ಎಂದು ನನ್ನ ಗಂಡ ವಾದಿಸುತ್ತಲೇ ಇದ್ದರು.

ನಾನು ಉತ್ತರ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಗಂಡನೇ, “ಆಕಿಗೇನ್ ಕೇಳ್ತೀರಿ? ಅದೆಲ್ಲ ಆಕಿಗೆ ತಿಳ್ಯಾಂಗಿಲ್ರಿ,” ಎಂದರು. ಚಪ್ಪಾಳೆ ತಟ್ಟಿದ ಅದೇ ಕೈಯಿಂದ ತಾಟನ್ನು ನನ್ನತ್ತ ಸರಿಸಿದರು. ತಲೆ ಎತ್ತಲಿಲ್ಲ. “ಇನ್ನೊಂದ್ ರೊಟ್ಟಿ ಹಾಕು.”

ಹಾಕಿದೆ. ಸಿನಿಮಾ ಕೊನೆಯವರೆಗೂ ತೋರಿಸದ ಆ ಹೆಂಗಸಿನ ಮುಖ ಹೇಗಿತ್ತೆಂದು ನನಗೀಗ ಗೊತ್ತು. ಪಾತ್ರೆ ತಿಕ್ಕುವಾಗ ಸ್ಟೀಲ್ ತಾಟಿನಲ್ಲಿ ಅದು ದಿನವೂ ಕಾಣುತ್ತದೆ.