ರೂಬಿಯ ಯಂತ್ರ ಗಾಳಿಯಲ್ಲಿ ಬರೆದ ಹೆಸರು

ಚಿಂತಾಮಣಿಯ ಖಾಸಗಿ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುವ ರೂಬಿಗೆ ನಲವತ್ತು ದಾಟಿದ ಮೇಲೆ ಹೊಸ ಹುಚ್ಚು ಹಿಡಿಯಿತು. ಮರ ಕೆತ್ತುವ ಪುಟ್ಟ ಸಿಎನ್‌ಸಿ ಯಂತ್ರದ ಹುಚ್ಚು. ಕಂಪ್ಯೂಟರಿನಲ್ಲಿ ಏನು ಬರೆದುಕೊಟ್ಟರೂ ಗಿರಗಿರ ತಿರುಗುವ ಉಳಿಯಿಂದ ಹಲಗೆಯ ಮೇಲೆ ಕೆತ್ತುತ್ತದೆ. ಬಿಡಿಭಾಗ ತರಿಸಿಕೊಂಡು, ಬೇಸಿಗೆ ರಜೆಯಲ್ಲಿ ತಾನೇ ಕೂತು ಜೋಡಿಸಿದಳು. ಗಂಡ ಫಾಜಿಲ್ ರೇಷ್ಮೆಗೂಡಿನ ವ್ಯಾಪಾರಿ, ಬೆಳಗಾದರೆ ಶಿಡ್ಲಘಟ್ಟದ ಮಾರುಕಟ್ಟೆಗೆ ಓಡುವವನು. ಮಹಡಿ ಕೋಣೆಯಲ್ಲಿ ಅವನ ಖಾಲಿ ಚೀಲಗಳಿದ್ದ ಜಾಗ ಯಂತ್ರದ ಪಾಲಾಯಿತು. ಅತ್ತೆ ಜಾನ್ ಬೀ ಮೊದಲ ದಿನವೇ ಅಲ್ಲೊಂದು ಕುರ್ಚಿ ಹಾಕಿಸಿಕೊಂಡರು. ಟೀವಿಗಿಂತ ಇದೇ ಮಜ ಎಂದು ಅವರ ತೀರ್ಮಾನ.

ಅಷ್ಟರಲ್ಲಿ ಅದೇ ಶಾಲೆಯ ಗಣಿತದ ಟೀಚರ್ ಶಿರೀಷಾ ಅಂಬಾಜಿದುರ್ಗ ಬೆಟ್ಟದ ಕೆಳಗಿನ ಹಳ್ಳಿಯಲ್ಲಿ ಮನೆ ಕಟ್ಟಿಸಿದಳು. “ಬಾಗ್ಲು ಪಕ್ಕದ ಬೋರ್ಡು ನೀನೇ ಮಾಡ್ಕೊಡ್ಬೇಕು ಕಣೇ. ಮೊದ್ಲು ‘ಮೋಹನ್‌ಬಾಬು’ ಅಂತ ನಮ್ಮೋರ ಹೆಸ್ರು ಇರ್ಲಿ, ಆಮೇಲೆ ನಂದು. ಇಲ್ದಿದ್ರೆ ಮುನಿಸ್ಕೋತಾರೆ,” ಎಂದಳು.

ಗೃಹಪ್ರವೇಶ ಭಾನುವಾರ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದ ರೂಬಿ ಒಳ್ಳೆಯ ತೇಗದ ಹಲಗೆ ಬಿಗಿದು, ಬಿಸ್ಮಿಲ್ಲಾ ಎಂದು ಗುಂಡಿ ಒತ್ತಿದಳು. ಯಂತ್ರ ಗುಂಯ್ಯೆಂದು ಅತ್ತಿತ್ತ ಓಡಾಡಿತು, ಬಾಗಿತು, ಬಳುಕಿತು. ಹಲಗೆಯ ಮೇಲೆ ಒಂದು ಗೀರೂ ಬೀಳಲಿಲ್ಲ.

“ಎಷ್ಟು ಚೆಂದ ಬರೀತೈತೆ ನೋಡಮ್ಮ! ಓದೋಕೆ ಮಾತ್ರ ಜಿನ್ನುಗಳೇ ಬರ್ಬೇಕು,” ಎಂದರು ಜಾನ್ ಬೀ.

ತಪ್ಪು ಎಲ್ಲಿ ಎಂದು ರೂಬಿಗೆ ಹೊಳೆಯಿತು. ಹಲಗೆಯ ಮೇಲ್ಮೈ ಎಷ್ಟು ಎತ್ತರದಲ್ಲಿದೆಯೆಂದು ಯಂತ್ರಕ್ಕೆ ಮೊದಲು ತೋರಿಸಬೇಕು. ಅದಕ್ಕೆ ಹಲಗೆಯ ಮೇಲೊಂದು ಲೋಹದ ಬಿಲ್ಲೆಯಿಟ್ಟು, ಉಳಿಯ ತುದಿ ತಾಗುವವರೆಗೆ ಇಳಿಸುತ್ತಾರೆ. ಬಿಲ್ಲೆಯ ದಪ್ಪವನ್ನು ಕಳೆಯುವುದನ್ನೇ ಅವಳು ಮರೆತಿದ್ದಳು; ಉಳಿ ಅಷ್ಟು ಎತ್ತರದಲ್ಲಿ ಗಾಳಿಯಲ್ಲೇ ಬರೆದಿತ್ತು. ಸರಿಪಡಿಸಿ ಮತ್ತೆ ಗುಂಡಿ ಒತ್ತಿದಳು.

ಈ ಸಲ ‘ಮೋ’ ಮುದ್ದಾಗಿ ಮೂಡಿತು. ‘ಹನ್’ ಕೊಂಚ ಆಳವಾಯಿತು. ‘ಬಾಬು’ ಕಾಲುವೆಯಂತಾಯಿತು. ಶಿರೀಷಾಳ ಹೆಸರಿಗೆ ಬರುವಷ್ಟರಲ್ಲಿ ಉಳಿ ಹಲಗೆಯನ್ನು ದಾಟಿ ಕೆಳಗಿನ ಮೇಜಿಗೇ ಇಳಿದಿತ್ತು. ರೂಬಿ ಕಿರುಚಿಕೊಂಡು ಯಂತ್ರ ನಿಲ್ಲಿಸಿದಳು. ಜಾನ್ ಬೀ ಹಲಗೆಯನ್ನೆತ್ತಿ ತೂತಿಗೆ ಕಣ್ಣಿಟ್ಟರು.

“ಇಲ್ಲಿಂದ ಅಂಬಾಜಿದುರ್ಗ ಕಾಣ್ತೈತೆ!”

ಅಳಬೇಕೆಂದಿದ್ದ ರೂಬಿಗೆ ನಗು ಒತ್ತರಿಸಿ ಬಂತು. ನಗುತ್ತಲೇ ಯೋಚಿಸಿದಳು. ಮೇಜು ಬಲಕ್ಕೆ ಎತ್ತರವಾಗಿ ಓರೆಯಾಗಿದೆಯೇ? ರದ್ದಿ ಹಲಗೆ ಹಾಕಿ ಬಲತುದಿಯಿಂದ ಕೆತ್ತಲು ಹೇಳಿದಳು. ಈಗ ಎಡತುದಿ ಆಳವಾಯಿತು! ಅಂದರೆ ಮೇಜಿನದ್ದಲ್ಲ ತಪ್ಪು. ಎಲ್ಲಿಂದ ಶುರುಮಾಡಿದರೂ ಕೊನೆಗೆ ಆಳವಾಗುತ್ತಿದೆ. ಅಕ್ಷರದಿಂದ ಅಕ್ಷರಕ್ಕೆ ಹೋಗುವಾಗ ಉಳಿ ಎದ್ದು ಇಳಿಯುತ್ತದೆ. ಏಳಬೇಕಾದಷ್ಟು ಏಳುತ್ತಿಲ್ಲವೇ?

“ಅಮ್ಮೀ, ಇಫ್ರಾಳ ನೈಲ್ ಪಾಲಿಶ್ ತಗೊಂಬನ್ನಿ!”

ಮಂಡಿನೋವಿನ ಜಾನ್ ಬೀ ಮೆಟ್ಟಿಲಿಳಿದು, ಮೊಮ್ಮಗಳ ಕೆಂಪು ಶೀಶೆ ಹಿಡಿದು ಮೇಲೆ ಬಂದೇಬಿಟ್ಟರು. ಉಳಿಯನ್ನು ಎತ್ತಿಳಿಸುವ ಮೋಟಾರಿನ ಕಡ್ಡಿಯನ್ನೂ ಉದ್ದನೆಯ ಸ್ಕ್ರೂವನ್ನೂ ಒಂದು ಲೋಹದ ಬಳೆ ಜೋಡಿಸಿತ್ತು. ಕಡ್ಡಿಯ ಮೇಲಿಂದ ಬಳೆಯ ಮೇಲಕ್ಕೆ ರೂಬಿ ಒಂದೇ ಕೆಂಪು ಗೆರೆ ಎಳೆದಳು. ಒಣಗಿದ ಮೇಲೆ ಉಳಿಯನ್ನು ಎತ್ತಿ ಇಳಿಸಿ, ಎತ್ತಿ ಇಳಿಸಿ ನೋಡಿದಳು. ಜಾನ್ ಬೀ ಮೂಗು ತಾಗುವಷ್ಟು ಬಗ್ಗಿದ್ದರು.

“ಗೆರೆ ಎರಡಾಯ್ತು! ಸಿಕ್ಬಿದ್ದ ಕಳ್ಳ!”

ಹೌದು, ಬಳೆಯ ಪುಟ್ಟ ತಿರುಪು ಸಡಿಲವಾಗಿ, ಮೋಟಾರು ತಿರುಗಿದಷ್ಟು ಸ್ಕ್ರೂ ತಿರುಗುತ್ತಿರಲಿಲ್ಲ. ಅತ್ತೆ ಸೊಸೆ ಕೈ ಕೈ ಹಿಡಿದು ಕುಣಿದರು. ಮರದ ಹುಡಿ ಮೇಲೆದ್ದು ಇಬ್ಬರಿಗೂ ಸೀನು, ಸೀನಿನ ನಡುವೆ ನಗು.

ಸದ್ದು ಕೇಳಿ ಮೇಲೆ ಬಂದ ಫಾಜಿಲ್ ದಂಗಾದ. “ಏನಾಯ್ತಮ್ಮೀ?”

“ಶಿರೀಷಾ... ತೂತಾಗ್ಬಿಟ್ಳು!” ಜಾನ್ ಬೀ ಕಣ್ಣೊರೆಸಿಕೊಂಡರು.

“ಯಾ ಅಲ್ಲಾ! ಯಾವ ಆಸ್ಪತ್ರೆಲವ್ರೆ?”

ಅತ್ತೆ ಸೊಸೆಯ ನಗು ಇನ್ನೂ ಜೋರಾಯಿತು. ಫಾಜಿಲ್ ಫೋನು ತೆಗೆದಾಗ ರೂಬಿ ಹಾರಿ ಅದನ್ನು ಕಿತ್ತುಕೊಂಡಳು.

ತಿರುಪು ಬಿಗಿಯಾಯಿತು. ಹೊಸ ಹಲಗೆಯಲ್ಲಿ ಮೊದಲಕ್ಷರದಿಂದ ಕೊನೆಯಕ್ಷರದವರೆಗೆ ಒಂದೇ ಆಳ. ಬೆರಳಾಡಿಸಿ ನೋಡಿದ ರೂಬಿ, ಹದಿನಾರರ ಹುಡುಗಿಯಂತೆ ಹಲಗೆಯನ್ನು ಅಪ್ಪಿಕೊಂಡಳು.

ಭಾನುವಾರ ಹೊಸಮನೆಯ ಬಾಗಿಲಲ್ಲಿ ಜನ ನಿಂತು ನಿಂತು ಬೋರ್ಡು ಮುಟ್ಟಿದರು. ಮೋಹನ್‌ಬಾಬುವಿನ ತಂದೆ ವೆಂಕಟರವಣಪ್ಪನವರು ಮಗನ ಹೆಸರನ್ನು ಸವರಿ, “ಯಾರಮ್ಮ ಕೆತ್ತಿದ್ದು?” ಎಂದರು. ಜಾನ್ ಬೀ ಸೆರಗು ಸರಿಮಾಡಿಕೊಂಡು, “ನಾವೇ,” ಎಂದರು.

ಊಟದ ಪಂಕ್ತಿಯಲ್ಲಿ ಶಿರೀಷಾ ಪಾಯಸ ಬಡಿಸುತ್ತ ಬಗ್ಗಿದಳು. “ಏನೇ ರೂಬಿ, ನನ್ನ ಹೆಸ್ರು ಕೆತ್ತೋಕೆ ತುಂಬ ಕಷ್ಟ ಆಯ್ತಾ?”

ರೂಬಿ ಬಾಯಲ್ಲಿದ್ದ ಪಾಯಸ ನುಂಗಲಾರದೆ ಅತ್ತೆಯ ಮುಖ ನೋಡಿದಳು. ಅತ್ತೆ ಎಲೆಯ ಮೇಲೆ ಬಗ್ಗಿ ಮೈ ಕುಲುಕಿಸಿ ನಗುತ್ತಿದ್ದರು. ಏನೂ ತಿಳಿಯದ ಶಿರೀಷಾಳಿಗೂ ನಗು ಹತ್ತಿಕೊಂಡು, ಕೈಯಲ್ಲಿದ್ದ ಸೌಟು ಕುಣಿಯತೊಡಗಿತು.