ಅಪ್ಪನ ಕುರ್ಚಿಯ ಅರಿವೆ

ಅಪ್ಪನ ಆರಾಮ ಕುರ್ಚಿಯನ್ನು ಸಿರುಗುಪ್ಪದ ನಮ್ಮ ಮನೆಯಿಂದ ಬಳ್ಳಾರಿಗೆ ಒಯ್ದವನು ನಾನೇ. ತೇಗದ ಚೌಕಟ್ಟು, ಉದ್ದನೆಯ ಕೈಗಳು, ನಡುವೆ ಜೋಲಿಯಂತೆ ಇಳಿಬಿದ್ದ ದಪ್ಪ ಬಿಳಿ ಅರಿವೆ. ಅಪ್ಪ ತಲೆಯಿಡುತ್ತಿದ್ದಲ್ಲಿ ಕೊಬ್ಬರಿ ಎಣ್ಣೆಯ ಕಲೆಯಿತ್ತು. ಅಪ್ಪ ತೀರಿಕೊಂಡ ಮೇಲೆ ಅವ್ವ ಆ ಅರಿವೆಯನ್ನು ಒಗೆಯಲು ಯಾರಿಗೂ ಬಿಟ್ಟಿರಲಿಲ್ಲ.

ಕುರುಗೋಡಿನ ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಅಕ್ಕನಿಗೆ ಆ ಕುರ್ಚಿ ಬೇಕಾಗಿತ್ತು. ಬಳ್ಳಾರಿಯಲ್ಲೊಂದು ಸ್ಪರ್ಧೆ. ಹಳೆಯ ಕುರ್ಚಿಗೆ ಹೊಸ ರೂಪ ಕೊಡಬೇಕು. ಆಮೇಲೆ ಹರಾಜು, ಬಂದದ್ದೆಲ್ಲ ಕಿವಿ ಕೇಳದ ಮಕ್ಕಳ ಶಾಲೆಗೆ. ಅರಿವೆಯ ಸುತ್ತ ಜೀನ್ಸ್ ತುಂಡುಗಳನ್ನು ಹೊಳೆಯ ನೀರಿನಂತೆ ಜೋಡಿಸಿ, ನಡುವೆ ಆ ಕಲೆಯನ್ನು ನಡುಗಡ್ಡೆಯಂತೆ ಉಳಿಸಬೇಕೆಂಬುದು ಅಕ್ಕನ ಯೋಚನೆ.

ಜೀನ್ಸ್ ತೊಟ್ಟ ಅಳಿಯನನ್ನೇ ಮೂತಿ ತಿರುವಿ ನೋಡುತ್ತಿದ್ದ ನಿಮ್ಮಪ್ಪನ ಕುರ್ಚಿಗೆ ಜೀನ್ಸ್ ತೊಡಿಸುತ್ತೀಯಲ್ಲ ಎಂದು ಅವ್ವ ನಕ್ಕಳು. ಆಮೇಲೆ ಹೇಳಿದಳು: "ಕಟ್ಟಿಗಿ ಬೇಕಾದ್ರ ಮಾರ್ರಿ. ಅರಿವಿ ಮಾತ್ರ ಬಿಚ್ಚಿ ನನಗ ತಿರುಗಿ ಕೊಡು."

ಅಕ್ಕ ಮಾತು ಕೊಟ್ಟಳು.

ಬಳ್ಳಾರಿಯಲ್ಲಿ ಮನೆಯಲ್ಲೇ ಜೀನ್ಸ್ ಹೊಲಿಯುವ ಅಕ್ಕನ ಗೆಳತಿಯೊಬ್ಬಳು ಪ್ರೀತಿಯಿಂದ ಹೊಲಿದುಕೊಟ್ಟಳು. ಯಾವ ತುಂಡು ಎಲ್ಲಿ ಬರಬೇಕೆಂದು ಅಕ್ಕ ಅವಳಿಗೆ ಗುರುತು ಹಾಕಿ ತೋರಿಸಿದ್ದಳು. ಒಗೆಯಬಾರದು ಎಂದು ಹೇಳುವುದು ಯಾರಿಗೂ ಹೊಳೆದಿರಲಿಲ್ಲ. ಅಲ್ಲಿ ಹೊಲಿದದ್ದೆಲ್ಲ ಜೀನ್ಸಿನ ಬಣ್ಣ ಇಳಿಸುವ ವಾಷಿಂಗ್ ಘಟಕಕ್ಕೆ ಹೋಗುತ್ತದೆ. ಪ್ಯಾಂಟುಗಳ ಗಂಟಿನ ಜೊತೆ ಇದೂ ಹೋಗಿತ್ತು.

"ವಾಷಿಂಗ್ ಆಗದಿದ್ರ ಕುಂತೋರ ಪಂಚಿಗೆಲ್ಲ ನೀಲಿ ಹತ್ತತೈತಲ್ಲಕ್ಕ," ಎನ್ನುತ್ತ ಅವಳು ಹಿಗ್ಗಿನಿಂದ ಬಿಚ್ಚಿ ಹಾಸಿದಳು.

ನೀಲಿ ನಿಜಕ್ಕೂ ನೀರಿನಂತಾಗಿತ್ತು. ನಡುವಿನ ಅರಿವೆ ಅಚ್ಚ ಬಿಳಿ. ಕಲೆಯಿದ್ದ ಜಾಗದ ಮೇಲೆ ಅಕ್ಕ ಬೆರಳಿಟ್ಟಳು, ತೆಗೆದಳು. ಛಂದ ಆಗೈತಿ ಎಂದಷ್ಟೇ ಗೆಳತಿಗೆ ಅಂದಳು.

ಪ್ರದರ್ಶನಕ್ಕೆ ಅವ್ವನನ್ನು ಕರೆತಂದೆ. ಕಲೆ ಹೋದದ್ದನ್ನು ದಾರಿಯಲ್ಲಿ ಹೇಳಬೇಕೆಂದುಕೊಂಡಿದ್ದೆ, ಮಳೆ ಬೆಳೆಯ ಮಾತಾಡಿ ಮುಗಿಸಿದೆ. ಕುರ್ಚಿಯ ಸುತ್ತ ಜನ ನಿಂತು ಫೋಟೊ ತೆಗೆಯುತ್ತಿದ್ದರು. ಅವ್ವ ಅವರ ನಡುವೆ ಬಗ್ಗಿ, ತಲೆಯಿಡುವ ಜಾಗವನ್ನು ಮೂಸಿದಳು. ಇನ್ನೊಮ್ಮೆ ಮೂಸಿದಳು.

ಹರಾಜಿಗೆ ಮೊದಲು ಅಕ್ಕ ಕತ್ತರಿ ಹಿಡಿದು ಬಂದಳು. ಅವಳ ಕಣ್ಣು ತುಂಬಿತ್ತು. ಅವ್ವ ಅವಳ ಮುಂಗೈ ಹಿಡಿದಳು.

"ಬಿಚ್ಚಬ್ಯಾಡವ್ವ. ಛಂದ ಐತಿ. ಹೋಗ್ಲಿ ಬಿಡು."

ಅರಿವೆಯನ್ನು ಹಾಕಿಕೊಂಡು ಹೋಗಲೆಂದು ಅವ್ವ ಒಗೆದ ದಿಂಬಿನ ಚೀಲವೊಂದನ್ನು ಮನೆಯಿಂದ ತಂದಿದ್ದಳು. ಸಿರುಗುಪ್ಪಕ್ಕೆ ಮರಳುವ ಬಸ್ಸಿನಲ್ಲಿ ಅದು ಅವಳ ತೊಡೆಯ ಮೇಲೆ ಮಡಿಕೆ ಬಿಚ್ಚದೆ ಇತ್ತು.